ದೊಡ್ಡಮಾದಮ್ಮನ ಸಾಸಿವೆ ದಿಂಬು

ಹರದನಹಳ್ಳಿಯಲ್ಲಿ ಹಸುಗೂಸಿಗೆ ನೀರು ಹಾಕಲು ದೊಡ್ಡಮಾದಮ್ಮನೇ ಬರಬೇಕು. ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತ ಆಕೆ ಮನೆಯವರನ್ನೆಲ್ಲ ನಗಿಸುತ್ತಿದ್ದಳು. ತಲೆ ದುಂಡಗಾಗಲಿ ಎಂದು ಪ್ರತಿ ಕೂಸಿಗೂ ಸಾಸಿವೆ ತುಂಬಿದ ದಿಂಬನ್ನು ತಾನೇ ಹೊಲಿದು ಕೊಡುವಳು. ಕೂಸು ಬೆಚ್ಚಿಬಿದ್ದು ಅತ್ತರೆ ಬೋರಲು ಮಲಗಿಸಿ ಬೆನ್ನು ತಟ್ಟುವಳು.

ಅವಳ ಮೊದಲ ಮೊಮ್ಮಗ ಮೂರನೇ ತಿಂಗಳಲ್ಲಿ, ಚಳಿಗಾಲದ ಒಂದು ಬೆಳಿಗ್ಗೆ ಹಾಸಿಗೆಯಲ್ಲೇ ತಣ್ಣಗಾಗಿದ್ದ. ಜ್ವರವಿರಲಿಲ್ಲ, ಕೆಮ್ಮೂ ಇರಲಿಲ್ಲ. ಪಕ್ಕದಲ್ಲಿ ಮಲಗಿದ್ದವಳು ಸೊಸೆ ಭಾಗ್ಯ. ನಿದ್ದೆಯಲ್ಲಿ ಕೂಸಿನ ಮೇಲೆ ಹೊರಳಿರಬೇಕು ಎಂದು ಯಾರೋ ಅಂದರು. ದೊಡ್ಡಮಾದಮ್ಮ ಅಲ್ಲವೆನ್ನಲಿಲ್ಲ. ಊರಿಗೆ ಅಷ್ಟು ಸಾಕಾಯಿತು. ಆಮೇಲೆ ಯಾವ ಮನೆಯಲ್ಲೂ ಯಾರೂ ತಮ್ಮ ಕೂಸನ್ನು ಭಾಗ್ಯಳ ಕೈಗೆ ಕೊಡಲಿಲ್ಲ.

ಈ ವರ್ಷ ಭಾಗ್ಯಳಿಗೆ ಹೆಣ್ಣು ಕೂಸು ಹುಟ್ಟಿತು. ನೋಡಲು ಬಂದ ನರ್ಸ್ ಮಧುಶ್ರೀ ಸತ್ತ ಕೂಸಿನ ಬಗ್ಗೆ ಮೆಲ್ಲಗೆ ಕೇಳಿದಳು.

"ಆವತ್ತು ಹೇಗೆ ಮಲಗಿಸಿದ್ರಿ ಅಜ್ಜಿ?"

"ಯಾವಾಗ್ಲೂ ಮಲಗ್ಸಂಗೆ. ಬೋರ್ಲು. ಮ್ಯಾಲೆ ಎರಡು ಕಂಬ್ಳಿ, ಮಂಚದ ತಾವ ಕೆಂಡ. ಚಳಿ ಅಲ್ವಾ ಸಿಸ್ಟರೇ?"

"ಒಳಗೆ ಬೀಡಿ ಸೇದೋರು ಯಾರಾದ್ರೂ ಇದ್ರಾ?"

ಹೊಸಿಲಲ್ಲಿ ಕುಳಿತಿದ್ದ ದೊಡ್ಡಮಾದಮ್ಮನ ಗಂಡ ಸೋಮಯ್ಯ ಕೈಯಲ್ಲಿದ್ದ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ. "ಅದಕ್ಕೂ ಇದಕ್ಕೂ ಏನವ್ವಾ?" ಎಂದ.

ಸಂಬಂಧ ಇದೆ ಎಂದಳು ಮಧುಶ್ರೀ. ನಿದ್ದೆಯಲ್ಲೇ ಹೋಗಿಬಿಡುವ ಕೂಸುಗಳಿಗೆ ಇಂಥದ್ದೇ ಕಾರಣವೆಂದು ಬೊಟ್ಟು ಮಾಡಲಾಗದು. ಆದರೆ ಬೋರಲು ಮಲಗಿಸಿದರೆ, ಮೈ ವಿಪರೀತ ಬಿಸಿಯಾದರೆ, ಮನೆಯಲ್ಲಿ ಹೊಗೆ ಇದ್ದರೆ ಅಪಾಯ ಹೆಚ್ಚುತ್ತದೆ. ದಿಂಬು ಬೇಡವೇ ಬೇಡ. ಅಂಗಾತ ಮಲಗಿಸಿ, ತಾಯಿಯ ಪಕ್ಕದಲ್ಲೇ, ಆದರೆ ಬೇರೆ ಗಟ್ಟಿ ಹಾಸಿಗೆಯ ಮೇಲೆ.

ದೊಡ್ಡಮಾದಮ್ಮ ಹೊಸ ಕೂಸಿಗೆಂದು ಹೊಲಿದಿಟ್ಟಿದ್ದ ದಿಂಬನ್ನು ಕೈಗೆತ್ತಿಕೊಂಡಳು. "ಅಂಗಾರೆ ನಾನೇ ಕೊಂದ್ನಾ?"

"ಯಾರೂ ಕೊಂದಿಲ್ಲ ಅಜ್ಜಿ. ನಿಮಗೆ ಗೊತ್ತಿರ್ಲಿಲ್ಲ. ಭಾಗ್ಯನೂ ಕೊಂದಿಲ್ಲ. ಅದನ್ನ ಅವಳಿಗೆ ಯಾರಾದ್ರೂ ಹೇಳಿದ್ದೀರಾ?"

ಒಳಗೆ ಹಾಲೂಡುತ್ತಿದ್ದ ಭಾಗ್ಯ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತೆ ಆವತ್ತೂ ಏನೂ ಹೇಳಲಿಲ್ಲ.

ಕೂಸಿಗೆ ಐದು ತಿಂಗಳು ತುಂಬಿದಾಗ ನೆರೆಮನೆಯ ಚಿಕ್ಕಮಾದಮ್ಮನ ಮಗಳಿಗೆ ಹೆರಿಗೆಯಾಯಿತು. ನೀರು ಹಾಕಲು ಹೊರಟ ದೊಡ್ಡಮಾದಮ್ಮ, "ನೀನೂ ಬಾ ಕಣಮ್ಮಿ" ಎಂದು ಭಾಗ್ಯಳನ್ನು ಕರೆದಳು. ತಮ್ಮ ಕೂಸನ್ನು ಸೋಮಯ್ಯನ ಬಳಿ ಬಿಟ್ಟು ಇಬ್ಬರೂ ಹೋದರು. ಅಂಗಳದಲ್ಲಿ ಹೆಂಗಸರು ಸೇರಿದ್ದರು.

"ದಿಂಬೆಲ್ಲಿ ಅಕ್ಕಾ? ನಮ್ಮ ಕೂಸಿಗೆ ಸಾಸ್ವೆ ಸಿಗ್ನಿಲ್ವಾ?" ಎಂದಳು ಚಿಕ್ಕಮಾದಮ್ಮ.

"ಇತ್ತು ಕಣ. ಒಗ್ಗರಣೆಗೆ ಆಕ್ಬುಟ್ಟೆ."

ಎಲ್ಲರೂ ನಕ್ಕರು. ದೊಡ್ಡಮಾದಮ್ಮ ಮಿಂದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅದರ ಅಜ್ಜಿ ಚಿಕ್ಕಮಾದಮ್ಮನ ಕೈಗಿಟ್ಟಳು.

"ಅಂಗಾತ ಮಲಗ್ಸು, ದಿಂಬು ಬ್ಯಾಡ. ನನ್ನ ಮೊಮ್ಮಗನ್ನ ಬೋರ್ಲು ಮಲಗ್ಸಿ ಕಂಬ್ಳಿ ಮುಚ್ಚಿದ್ದೋಳು ನಾನು. ನನ್ನ ಸೊಸೆ ಕೂಸಿನ ಮ್ಯಾಲೆ ಒರಳ್ನಿಲ್ಲ. ಊರೋರು ಅಂಗಂದಾಗ ಬಾಯಿ ಮುಚ್ಕೊಂಡಿದ್ದೋಳೂ ನಾನೇಯ."

ನಗು ನಿಂತಿತು. ಭಾಗ್ಯ ಬರಿದಾದ ಬಿಂದಿಗೆಯನ್ನು ಎತ್ತಿ ಗೋಡೆಯ ಬಳಿ ಇಟ್ಟಳು, ಮತ್ತೆ ಎತ್ತಿದಳು. ಚಿಕ್ಕಮಾದಮ್ಮ ಅವಳನ್ನೇ ನೋಡುತ್ತಿದ್ದು, ಹತ್ತಿರ ಬಂದಳು.

"ಬಿಂದ್ಗೆ ಬುಡವ್ವ. ಇಗಾ, ಕೂಸ್ನ ಇಡ್ಕೊ. ನಾನು ಆಸಿಗೆ ಆಸ್ತೀನಿ."