ಅರ್ಥಿಂಗ್ ಕೊಡುವ ಮೊದಲು

ಮೂರು ಕಾಲಿನ ಪ್ಲಗ್ಗನ್ನು ನೀವು ಎಂದಾದರೂ ಕೈಯಲ್ಲಿ ಹಿಡಿದು ವಿರಾಮವಾಗಿ ನೋಡಿದ್ದೀರೋ ಇಲ್ಲವೋ ನಾನರಿಯೆ. ಎರಡು ಕಾಲುಗಳು ಸಪೂರ, ಒಂದೇ ಅಳತೆಯವು. ಮೂರನೆಯದು ಮಾತ್ರ ದಪ್ಪ, ತುಸು ಉದ್ದ, ಯಾವ ಕೆಲಸವನ್ನೂ ಮಾಡದೆ ಜಗಲಿಯಲ್ಲಿ ಕುಳಿತು ಎಲ್ಲರ ಮೇಲೂ ಕಣ್ಣಿಟ್ಟಿರುವ ಹಿರಿಯರ ಹಾಗೆ. ದೀಪ ಉರಿಯುವುದಕ್ಕೂ ಮಿಕ್ಸಿ ತಿರುಗುವುದಕ್ಕೂ ಎರಡೇ ಸಾಕಲ್ಲವೇ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಕಾಲೇಜಿನಲ್ಲಿ ಒಂದು ಜೀವಮಾನ ಕನ್ನಡ ವ್ಯಾಕರಣ ಪಾಠ ಮಾಡಿ ನಿವೃತ್ತನಾದ ನನಗೆ ಆ ಮೂರನೆಯ ಕಾಲು ಲೋಪಸಂಧಿಯಲ್ಲಿ ನಿರಾತಂಕವಾಗಿ ಬಿಟ್ಟುಹೋಗುವ ಸ್ವರದಂತೆ ಕಾಣುತ್ತಿತ್ತು. ಲೋಪವೆಂಬುದಕ್ಕೆ ಇನ್ನೊಂದು ಅರ್ಥವೂ ಇದೆಯೆಂದು ಮಕ್ಕಳಿಗೆ ಹೇಳಿಕೊಟ್ಟವನೂ ನಾನೇ.

ಕೊಪ್ಪದ ನಮ್ಮ ಮನೆಯ ಹಿಂದೆ, ಕಾಂಪೌಂಡಿನ ಕೊನೆಯಲ್ಲಿ ಒಂದು ಕಾರ್ ಶೆಡ್ಡಿದೆ. ಕಾರು ಕೊಳ್ಳುವ ಭರವಸೆಯಲ್ಲಿ ಕಟ್ಟಿಸಿದ್ದು. ಕಾರು ಬರಲಿಲ್ಲ, ಕಟ್ಟಿಗೆಯೂ ಹಳೆಯ ಪುಸ್ತಕಗಳೂ ಬಂದು ಸೇರಿಕೊಂಡವು. ಕಡೆಗೆ ಎಲೆಕ್ಟ್ರಿಕ್ ಸ್ಕೂಟರೊಂದು ಬಂದಾಗ ಶೆಡ್ಡಿಗೆ ಮಾನ ಬಂತು, ಆದರೆ ಕರೆಂಟು ಬರಲಿಲ್ಲ. ಬೇಲಿಯ ಮೇಲೆ ಎಳೆದ ಮೊದಲ ಕೇಬಲ್ಲನ್ನು ಅಳಿಲುಗಳು ಕಡಿದುಹಾಕಿದವು. ಅಂಗಳದಲ್ಲಿ ಹಾಸಿದ ಎರಡನೆಯದಕ್ಕೆ ನನ್ನ ಹೆಂಡತಿ ಸುಮಿತ್ರೆ ಎಡವಿ ಬಿದ್ದಳು. ಹೀಗಾಗಿ ಕಬ್ಬಿಣದ ಪೈಪಿನೊಳಗೆ ವೈರು ಎಳೆಸುವುದೆಂದು ನಿಶ್ಚಯವಾಗಿ, ಎಲೆಕ್ಟ್ರಿಷಿಯನ್ ಬಷೀರ್ ಬಂದರು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳೆಯ ಮನೆಗಳಲ್ಲಿ ಬಷೀರ್ ಹತ್ತದ ಅಟ್ಟವಿಲ್ಲ. ನಿಧಾನದ ಮನುಷ್ಯ. ಒಂದು ಮೊಳೆ ಹೊಡೆಯುವ ಮುನ್ನ ಗೋಡೆಯನ್ನು ಎರಡು ಸಲ ಬೆರಳಿನಿಂದ ತಟ್ಟುತ್ತಾರೆ. ನಮಗೂ ಪಕ್ಕದ ಜಲಜಕ್ಕನಿಗೂ ನಡುವೆ ಸೊಂಟದೆತ್ತರದ ಕಲ್ಲಿನ ಗೋಡೆಯಿದೆ. ಅದರ ನೆತ್ತಿಯ ಮೇಲೆ ಪೈಪನ್ನು ಕೂರಿಸಿ, ಕ್ಲಾಂಪು ಬಿಗಿದು, ಒಳಗೆ ವೈರು ಎಳೆದು ಮುಗಿಸಿದಾಗ ಶುಕ್ರವಾರದ ಸಂಜೆಯಾಗಿತ್ತು. ವೈರಿನ ಎರಡು ತುದಿಗಳಿಗೂ ಟೇಪು ಸುತ್ತಿ ಬಷೀರ್ ಹೇಳಿದರು:

"ಸಾರ್, ಅರ್ಥಿಂಗ್ ಗುಂಡಿ ಒಂದು ತೆಗಿಬೇಕು. ಪೈಪಿನ ಬಾಯಿ ಹರಿತ ಅದೆ, ವೈರ್ ಕೊಯ್ಯದ ಹಾಗೆ ರಬ್ಬರ್ ಬುಷ್ ಹಾಕ್ಬೇಕು. ಬುಷ್ ಖಾಲಿಯಾಗಿದೆ. ನಾಳೆ ಬೇಗಾರ್ ಊರಲ್ಲಿ ಒಂದು ಕೆಲ್ಸ ಅದೆ, ಸೋಮವಾರ ಬರ್ತೀನಿ. ಅಲ್ಲಿ ತನಕ ಕರೆಂಟ್ ಕೊಡ್ಬೇಡಿ."

"ಕೊಟ್ರೆ ಎಂತ ಆಗ್ತದೆ?"

"ಏನಾದ್ರೂ ಪೈಪಿಗೆ ಕರೆಂಟ್ ಬಂತು ಅಂದ್ರೆ ಅದಕ್ಕೆ ಹೋಗಕ್ಕೆ ದಾರಿ ಬೇಕಲ್ಲ ಸಾರ್. ಅರ್ಥಿಂಗ್ ಇದ್ರೆ ಮಣ್ಣಿಗೆ ಹೋಗ್ತದೆ. ಇಲ್ದಿದ್ರೆ ಯಾರು ಮುಟ್ತಾರೋ ಅವ್ರ ಮೈಮೇಲೆ ಹೋಗ್ತದೆ."

"ಹಾಗಾದ್ರೆ ಅರ್ಥ ಇಲ್ದಿದ್ರೆ ಅನರ್ಥ ಅನ್ನಿ!" ಎಂದು ನಾನು ನಕ್ಕೆ. ಬಷೀರ್ ಸೌಜನ್ಯಕ್ಕೆ ಮುಗುಳ್ನಕ್ಕರು. ನನ್ನ ಶ್ಲೇಷೆಯ ಸೊಗಸಿನಲ್ಲಿ ಅವರು ಹೇಳಿದ ಮಾತು ಮುಳುಗಿಹೋಯಿತು. ಪದವೊಂದನ್ನು ಸೀಳಿ ಎರಡರ್ಥ ತೆಗೆದರೆ ವಿಷಯ ತಿಳಿದಂತಾಯಿತೆಂದು ಭಾವಿಸುವ ನನ್ನಂಥವರ ಜಾಡ್ಯಕ್ಕೆ ಔಷಧವಿಲ್ಲ.

ಭಾನುವಾರ ಶೃಂಗೇರಿಯಲ್ಲಿ ಒಂದು ಸಣ್ಣ ಸಭೆಗೆ ನಾನು ಅಧ್ಯಕ್ಷ. ಹೊಸ ಸ್ಕೂಟರಿನಲ್ಲಿ ಹೋಗಿ ಇಳಿಯಬೇಕೆಂಬ ಬಾಲಿಶವಾದ ಆಸೆ. ಅದರ ಬ್ಯಾಟರಿಯೋ ಬರಿದು. ಶನಿವಾರ ಟೇಪು ಬಿಚ್ಚಿದೆ. ಶೆಡ್ಡಿನ ಕಡೆಗೊಂದು ಸಾಕೆಟ್ಟು ಸಿಕ್ಕಿಸಿ, ಮನೆಯ ಕಡೆಯ ತುದಿಗೆ ಮೇಜಿನ ಡ್ರಾಯರಿನಲ್ಲಿದ್ದ ಎರಡು ಕಾಲಿನ ಹಳೆಯ ಪ್ಲಗ್ಗು ಜೋಡಿಸಿ, ವೈರು ಸಾಲದಾದಾಗ ಪೈಪಿನ ಬಾಯಿಂದ ನಾಲ್ಕು ಬೆರಳಷ್ಟು ಜಗ್ಗಿ, ಜಗಲಿಯ ಸ್ವಿಚ್ಚು ಹಾಕಿದೆ. ಸ್ಕೂಟರಿನ ಚಾರ್ಜರಿನಲ್ಲಿ ಹಸಿರು ದೀಪ ಹತ್ತಿದಾಗ ಆದ ಹೆಮ್ಮೆ, ನಂಬಿ, ನನ್ನ ಮೊದಲ ಪ್ರಬಂಧ ಅಚ್ಚಾದಾಗಲೂ ಆಗಿರಲಿಲ್ಲ.

"ಬಷೀರ್ ಬಂದಿದ್ರಾ?" ಎಂದು ಸುಮಿತ್ರೆ ಕೇಳಿದಳು.

"ಹ್ಞೂಂ, ಎಲ್ಲ ಮುಗೀತು," ಎಂದೆ.

ಭಾನುವಾರ ಹೋಗಿ ಬಂದು ಮತ್ತೆ ಚಾರ್ಜಿಗೆ ಹಾಕಿದೆ. ಸಂಜೆ ಗುಡುಗಿನೊಂದಿಗೆ ಒಂದು ಮಳೆ ಬಂತು. ಸ್ವಿಚ್ಚು ಆರಿಸುವುದನ್ನು ಮರೆತು ಮಲಗಿದೆ.

ಸೋಮವಾರ ಬೆಳಗ್ಗೆ ಜಲಜಕ್ಕನ ಕೂಗು ಕೇಳಿ ಹೊರಗೆ ಬಂದರೆ, ಅವರ ಹಸು ಸರಸಿ ಕಲ್ಲಿನ ಗೋಡೆಯ ಬುಡದಲ್ಲಿ ಕಾಲು ಸೆಟೆದು ಬಿದ್ದಿತ್ತು. ಬೆಳಗ್ಗೆ ಕೊಟ್ಟಿಗೆಯಿಂದ ಬಿಟ್ಟೊಡನೆ ಆ ಗೋಡೆಯ ಮೇಲೆ ಕುತ್ತಿಗೆಯಿಟ್ಟು ಉಜ್ಜಿಕೊಳ್ಳುವುದು ಅದರ ರೂಢಿ. ಜಲಜಕ್ಕನ ಗಂಡ ನರಸಿಂಹರಾಜಪುರದ ಒಂದು ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಾರೆ. ಉಳಿದ ಆರು ದಿನ ಆ ಮನೆಯಲ್ಲಿ ಮಾತಿಗೆ ಇದ್ದದ್ದು ಸರಸಿ ಮತ್ತು ಅದರ ಮೂರು ತಿಂಗಳ ಕರು. ಜಲಜಕ್ಕ ಎರಡೂ ಕೈ ಚಾಚಿಕೊಂಡು ಹಸುವಿನತ್ತ ಓಡುತ್ತಿದ್ದರು.

"ಮುಟ್ಬೇಡಿ!" ಎಂದು ಕಿರುಚಿ ನಾನು ಜಗಲಿಗೆ ಹಾರಿ ಪ್ಲಗ್ಗು ಕಿತ್ತೆ. ಇಷ್ಟರವರೆಗೆ ನಾನು ಮನುಷ್ಯನಾಗಿದ್ದೆ. ಮರುಕ್ಷಣ ಆ ಪ್ಲಗ್ಗನ್ನು ವೈರಿನಿಂದ ಹರಿದು ಜೇಬಿಗೆ ಹಾಕಿಕೊಂಡೆ.

ಅಳುತ್ತ ಕುಸಿದ ಜಲಜಕ್ಕನ ಪಕ್ಕ ನಿಂತು ನಾನೂ ಅತ್ತೆ. ಜನ ಸೇರಿದರು. "ನಿನ್ನೆ ಸಿಡಿಲಿತ್ತಲ್ಲ, ಹೊಡ್ದಿರ್ಬೇಕು," ಎಂದರು ಒಬ್ಬರು. ಸಿಡಿಲಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಅಷ್ಟರಲ್ಲಿ ಇನ್ನೊಬ್ಬರು ಪೈಪನ್ನು ಕಂಡರು. "ಸಿಡಿಲೂ ಅಲ್ಲ ಎಂತದೂ ಅಲ್ಲ ಮಾರಾಯ್ರೆ. ಇದು ಬಷೀರ್ ಹಾಕಿದ್ದಲ್ವಾ? ಕರೆಂಟ್ ಬಿಟ್ಟು ಹೋಗಿದ್ದಾನೆ." ನಾನು ನೆಲ ನೋಡಿದೆ.

ಹೇಳಿದ ಮಾತಿನಂತೆ ಹತ್ತು ಗಂಟೆಗೆ ಬಷೀರ್ ಬಂದರು, ಕೈಯಲ್ಲಿ ರಬ್ಬರ್ ಬುಷ್ಷುಗಳ ಪೊಟ್ಟಣ. ಹಸುವನ್ನು ನೋಡಿದರು. ಪೈಪಿನ ಬಾಯಲ್ಲಿ ಸಿಪ್ಪೆ ಸುಲಿದಿದ್ದ ವೈರನ್ನು ನೋಡಿದರು. ಜಗಲಿಗೆ ಬಂದು ಟೇಪಿಲ್ಲದ ತುದಿಯನ್ನು ಹಿಡಿದು ನೋಡಿ, ಆಮೇಲೆ ನನ್ನನ್ನು ನೋಡಿದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದಾಗ ಅವರು ಹೇಳಿದ್ದು ಇಷ್ಟೇ: "ನಾನು ಕರೆಂಟ್ ಕೊಟ್ಟಿರ್ಲಿಲ್ಲ. ಮೇಷ್ಟ್ರನ್ನೇ ಕೇಳಿ."

ಎಲ್ಲರೂ ನನ್ನತ್ತ ತಿರುಗಿದರು. ಶಬ್ದಮಣಿಗಳನ್ನು ಪೋಣಿಸುತ್ತ ಬದುಕಿದವನ ಬಾಯಿಂದ ಆಗ ಹೊರಟ ವಾಕ್ಯವನ್ನು ಕೇಳಿ: "ಯಾರ ತಪ್ಪು ಅಂತ ಈಗ್ಲೇ ಹೇಳಕ್ಕಾಗಲ್ಲ. ವಿಚಾರ ಮಾಡೋಣ."

ಬಷೀರ್ ಚೀಲ ಎತ್ತಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಅವರಿಗಿಂತ ಮುಂದೆ ಹೋಗಿತ್ತು. ಅಡ್ಡಗದ್ದೆ ಎಂಬ ಊರಿನ ಹೊಸ ಮನೆಯೊಂದರ ವೈರಿಂಗನ್ನು ಅವರಿಗೆ ಒಪ್ಪಿಸಿದ್ದವರು ಫೋನು ಮಾಡಿ, ಸದ್ಯಕ್ಕೆ ಬರುವುದು ಬೇಡ ಎಂದರಂತೆ.

ನಾಲ್ಕು ಗಂಟೆಗೆ ಸುಮಿತ್ರೆ ನನ್ನ ಅಂಗಿಯನ್ನು ಒಗೆಯಲು ತೆಗೆದುಕೊಂಡಳು. ಜೇಬಿನಲ್ಲಿದ್ದ ಎರಡು ಕಾಲಿನ ಪ್ಲಗ್ಗನ್ನು ತಂದು ನನ್ನೆದುರು ಮೇಜಿನ ಮೇಲಿಟ್ಟು ಒಳಗೆ ಹೋದಳು. ಬೈದಿದ್ದರೆ ನಾನು ವಾದಿಸುತ್ತಿದ್ದೆನೇನೋ. ಎದ್ದು ಜಲಜಕ್ಕನ ಅಂಗಳಕ್ಕೆ ಹೋಗಿ, ಅಲ್ಲಿದ್ದ ನಾಲ್ಕು ಜನರ ಎದುರಿಗೇ, ಕರೆಂಟು ಕೊಟ್ಟವನು ನಾನು, ಬಷೀರ್ ಬೇಡವೆಂದು ಹೇಳಿದ್ದರು ಎಂದೆ. ಜಲಜಕ್ಕ, "ಬೆಳಿಗ್ಗೆ ನನ್ನ ಜೊತೆ ನೀವೂ ಅತ್ತಿರಲ್ಲ ಮೇಷ್ಟ್ರೆ," ಎಂದರು.

ಹಸುವಿನ ಬೆಲೆ ಕೊಡಲು ಹೋದಾಗ ಅವರು ಬೇಡವೆನ್ನಲಿಲ್ಲ, ಎಣಿಸಲೂ ಇಲ್ಲ. "ತಗೋತೀನಿ. ಬೇಡ ಅನ್ನುವಷ್ಟು ಸ್ಥಿತಿವಂತರಲ್ಲ ನಾವು. ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋಗಿ ಯಾರನ್ನ ಕರೀಲಿ ಅಂತ ಮಾತ್ರ ನಂಗೆ ಗೊತ್ತಾಗ್ತಿಲ್ಲ," ಎಂದರು.

ಅಡ್ಡಗದ್ದೆಗೆ ನಾನೇ ಹೋಗಿ ವಿಷಯ ತಿಳಿಸಿದೆ. ಅಷ್ಟರಲ್ಲಿ ಆ ಮನೆಯವರು ಬೇರೆಯವರಿಗೆ ಕೆಲಸ ಕೊಟ್ಟಾಗಿತ್ತು. ವಾರದ ನಂತರ ಬಷೀರ್ ಕರೆಯದೆಯೇ ಬಂದು, ವೈರು ಬದಲಿಸಿ, ಬುಷ್ಷು ಹಾಕಿ, ಗೋಡೆಯ ಮೂಲೆಯಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಕೊಟ್ಟರು. ನಾನು ಕ್ಷಮೆ ಕೇಳಿದೆ.

"ನೀವು ಹೇಳಿದ್ದು ಒಳ್ಳೇದಾಯ್ತು ಸಾರ್," ಎಂದರು ಕೈ ಒರೆಸಿಕೊಳ್ಳುತ್ತ. "ಹತ್ತು ಗಂಟೆಗೆ ಹೇಳ್ಬಹುದಿತ್ತು." ಹೊರಡುವಾಗ, "ಬೇಸಿಗೇಲಿ ಗುಂಡಿ ಒಣಗಕ್ಕೆ ಬಿಡ್ಬೇಡಿ. ಒಣಗಿದ್ರೆ ಕರೆಂಟ್ ಮಣ್ಣಿಗೆ ಹೋಗಲ್ಲ. ದಿನಾ ಒಂದು ಕೊಡ ನೀರು ಹಾಕಿ," ಎಂದರು. ಆಮೇಲೆ ಅವರು ನಮ್ಮ ಮನೆಗೆ ಬಂದಿಲ್ಲ.

ಬೇಸಿಗೆ ಬಂತು. ಒಂದು ದಿನವೂ ತಪ್ಪದೆ ನೀರು ಹಾಕಿದೆ. ಪ್ರಾಯಶ್ಚಿತ್ತವೆಂಬ ದೊಡ್ಡ ಪದವನ್ನು ಆ ಸಣ್ಣ ಕೊಡಕ್ಕೆ ತುಂಬಿ ಸುರಿಯುತ್ತಿದ್ದೆನೆಂದರೂ ಸರಿ. ನಡುವೆ ಒಂದು ಮದುವೆಗೆಂದು ನಾವಿಬ್ಬರೂ ಎರಡು ದಿನ ಬಾಳೆಹೊನ್ನೂರಿಗೆ ಹೋಗಬೇಕಾಯಿತು. ಮರಳಿ ಬಂದವನು ಗುಂಡಿ ಬಿರಿದಿರುತ್ತದೆಂದು ಓಡಿ ನೋಡಿದರೆ, ಮಣ್ಣು ತೇವವಾಗಿತ್ತು. ಗೋಡೆಯಾಚೆ ಜಲಜಕ್ಕ ಬಕೆಟ್ ಹಿಡಿದು ನಿಂತಿದ್ದರು. ತಿಂಗಳುಗಳ ಮೇಲೆ ನನ್ನೆದೆ ಹಗುರವಾಯಿತು.

"ನೀರು ಹಾಕಿದ್ದು ನೀವಾ ಜಲಜಕ್ಕ?"

"ಹೌದು. ದಿನಾ ಹಾಕ್ತೀನಿ. ನೀವು ಹಾಕಿ ಒಳಗೆ ಹೋದ್ಮೇಲೂ ಹಾಕ್ತೀನಿ."

"ಅಯ್ಯೋ, ಯಾಕೆ? ನಾನು ಊರಲ್ಲಿದ್ದಾಗ ಒಂದು ದಿನಾನೂ ತಪ್ಸಿಲ್ವಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನೀವು ಹಾಕಿದ್ದೀರಿ ಅಂತ ನಂಬಿ ಕೂರಕ್ಕೆ ಆಗ್ತದಾ ಮೇಷ್ಟ್ರೆ? ಕರು ಅದೆ ನನ್ನ ಹತ್ರ."

ಮರುದಿನ ಬೆಳಗ್ಗೆ ಎಂದಿನಂತೆ ಒಂದು ಕೊಡ ನೀರು ಹಾಕಿ ಒಳಗೆ ಬಂದೆ. ಕಿಟಕಿಯ ಬಳಿ ನಿಂತೆ. ಸ್ವಲ್ಪ ಹೊತ್ತಿಗೆ ಜಲಜಕ್ಕ ಬಂದು, ಗೋಡೆಯಾಚೆಯಿಂದ ಪೈಪಿಗೆ ಮೈ ತಾಗದಂತೆ ಬಾಗಿ, ಬಕೆಟ್ಟಿನ ನೀರನ್ನೆಲ್ಲ ಆ ತುಂಬಿದ ಗುಂಡಿಗೇ ಸುರಿದರು.