ಮೂಲೆಮನೆಯ ಎರಡನೇ ಪಾಲು

“ಎರಡು ಕಡೆ ರಸ್ತೆ ಐತೆ ಅಂತ ನನಗ ಎರಡು ಪಾಲು ಹಾಕೀರಿ. ಬಾಗ್ಲು ಇರೋದು ಒಂದೇ. ಹೊರಗ ಬರೋಕೆ ಎರಡು ರಸ್ತೆ ಯಾಕ ಬೇಕ್ರಿ?”

ಮೂಲೆಮನೆಯ ಗೌರಮ್ಮ ಎದ್ದು ಹೀಗೆ ಕೇಳಿದಾಗ ಪಾಲು ಹಾಕಿದ್ದ ಪಾಲಿಕೆಯ ಎಂಜಿನಿಯರ್ ಕೂಡ ನಕ್ಕರು. ನಿಟ್ಟುವಳ್ಳಿಯ ನಮ್ಮ ಬೀದಿಗೂ ಅದರ ಪಕ್ಕದ ರಸ್ತೆಗೂ ಕಾಂಕ್ರೀಟ್ ಬರುವುದಿತ್ತು. ಖರ್ಚಿನ ಒಂದು ಭಾಗವನ್ನು ಆಯಾ ರಸ್ತೆಗೆ ತಾಗಿದ ಮನೆ ಮಾಲೀಕರೇ ಕೊಡಬೇಕೆಂದಿದ್ದರಿಂದ, ಗುಡಿಯ ಅಂಗಳದಲ್ಲಿ ಸೇರಿದ್ದ ನಾವೆಲ್ಲ ನಮ್ಮ ನಮ್ಮ ಪಾಲು ಇಳಿಸಿರೆಂದು ಜಗಳಕ್ಕೆ ನಿಂತಿದ್ದೆವು.

ನಗು ನಿಂತ ಮೇಲೆ ಎದುರುಮನೆಯ ಟೇಲರ್ ರಹಮತ್ ಸಾಬರು ಮೆಲ್ಲಗೆ ಹೇಳಿದರು: “ಆ ಪಕ್ಕದ ರಸ್ತೇಲಿ ದಿನಾ ಓಡಾಡೋರು ನಾವು. ಅಮ್ಮನ ಎರಡನೇ ಪಾಲು ನಾವೇ ಹಂಚ್ಕೊಳ್ಳೋಣ ಬಿಡ್ರಿ.” ಒಂದೊಂದಾಗಿ ಕೈಗಳು ಮೇಲೆದ್ದವು, ನನ್ನದೂ.

ಪಾಲು ಇಳಿಸಿಕೊಂಡು ಬರುತ್ತೇನೆಂದು ಹೆಂಡತಿಗೆ ಹೇಳಿ ಹೋಗಿದ್ದ ನಾನು ಏರಿಸಿಕೊಂಡು ಬಂದಿದ್ದೆ. ಅದನ್ನು ಅವಳಿಗೆ ನಗುನಗುತ್ತಲೇ ಹೇಳಿದೆ.