ಅಕ್ಕಿಯ ಮೇಲೆ ಬರೆದ ಹೆಸರು

ನಾನು ಹುಟ್ಟಿದಾಗ ಇಟ್ಟ ಹೆಸರೂ ನನ್ನ ಅತ್ತೆಯ ಹೆಸರೂ ಒಂದೇ. ಇದರಲ್ಲಿ ಯಾರ ತಪ್ಪೂ ಇಲ್ಲ. ನಮ್ಮ ಕಡೆ ಯಾವುದೇ ಓಣಿಯಲ್ಲಿ ನಿಂತು ಆ ಹೆಸರನ್ನು ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತವೆ. ಆದರೆ ಒಂದೇ ಮನೆಯಲ್ಲಿ ಅತ್ತೆಗೂ ಸೊಸೆಗೂ ಒಂದೇ ಹೆಸರಿರುವುದು ನಮ್ಮವರಿಗೆ ಒಗ್ಗುವುದಿಲ್ಲ. ಸೊಸೆಯನ್ನು ಬೈಯಲು ಹೋದರೆ ಹಿರಿಯರ ಹೆಸರು ಹಿಡಿದು ಬೈದಂತಾಗುತ್ತದಲ್ಲ! ಅದಕ್ಕೇ ಮಾನ್ವಿಯಲ್ಲಿ ನನ್ನ ಮದುವೆಯಾದ ದಿನ ಬೆಳ್ಳಿಯ ತಟ್ಟೆಯಲ್ಲಿ ಅಕ್ಕಿ ಹರಡಿ, ನನ್ನ ಗಂಡನ ಕೈಗೊಂದು ಉಂಗುರ ಕೊಟ್ಟು, ಅಕ್ಕಿಯ ಮೇಲೆ ನನಗೊಂದು ಹೊಸ ಹೆಸರು ಬರೆಸಿದರು. ಗಂಡನ ಅಕ್ಷರ ಆಗಲೂ ಚೆನ್ನಾಗಿರಲಿಲ್ಲ. ಬಗ್ಗಿ ನೋಡಿ ಕಷ್ಟಪಟ್ಟು ಓದಿಕೊಂಡೆ. ಆ ಹೆಸರಿನೊಂದಿಗೆ ದೇವದುರ್ಗದ ಗಂಡನ ಮನೆಗೆ ಬಂದೆ.

ಕೆಟ್ಟ ಹೆಸರೇನಲ್ಲ. ಆ ಹೆಸರಿಗೆ ಓಗೊಟ್ಟು ಅಡಿಗೆ ಮಾಡಿದ್ದೇನೆ, ಎರಡು ಮಕ್ಕಳನ್ನು ಹೆತ್ತಿದ್ದೇನೆ, ಬೈಸಿಕೊಂಡೂ ಇದ್ದೇನೆ. ಅದು ಆಧಾರ್ ಕಾರ್ಡಿಗೆ ಹತ್ತಿ ಕೂತದ್ದೇ ತಂಟೆಯಾಯಿತು.

ಕಾರ್ಡು ಮಾಡುವವರು ದೇವದುರ್ಗಕ್ಕೆ ಮೊದಲ ಸಲ ಬಂದಾಗ, ನಮ್ಮ ಮಾವನವರು ಪೂಜೆ ಮಾಡುತ್ತಿದ್ದ ಗುಡಿಯ ಅಂಗಳದಲ್ಲೇ ಕ್ಯಾಮೆರಾ ಇಟ್ಟಿದ್ದರು. ನಾನು ನೈವೇದ್ಯದ ಅಡಿಗೆಯಲ್ಲಿದ್ದೆ. ಫೋಟೊಕ್ಕೆ ಬಾ ಎಂದು ಕೂಗಿದರು. ತಲೆಸ್ನಾನದ ಹಸಿ ಕೂದಲಲ್ಲೇ ಓಡಿದೆ. ಕಂಪ್ಯೂಟರಿನವನು ಹೆಸರೇನೆಂದು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಮಾವನವರು ಅಕ್ಕಿಯ ಮೇಲಿನ ಹೆಸರು ಹೇಳಿಬಿಟ್ಟರು. ಆಗ ಮನೆಯ ಯಜಮಾನರ ಮಾತೇ ಸಾಕಿತ್ತು. ಅವರು ಸುಳ್ಳು ಹೇಳಲಿಲ್ಲ. ಅವರ ಮಟ್ಟಿಗೆ ನನಗೆ ಬೇರೆ ಹೆಸರೇ ಇರಲಿಲ್ಲ. ಈಗ ಅವರೂ ಇಲ್ಲ, ಕೇಳೋಣವೆಂದರೆ.

ಆದರೆ ಹತ್ತನೆಯ ತರಗತಿಯಿಂದ ಬಿ.ಎಡ್.ವರೆಗಿನ ನನ್ನ ಅಂಕಪಟ್ಟಿಗಳೆಲ್ಲ ಹುಟ್ಟು ಹೆಸರಿನಲ್ಲಿದ್ದವು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಸರ್ಕಾರಿ ಶಿಕ್ಷಕರ ಪರೀಕ್ಷೆಗೆ ಓದಲು ಕೂತೆ. ಎರಡು ಸಲ ಸೋತೆ. ಮೂರನೆಯ ಸಲ ಪಟ್ಟಿಯಲ್ಲಿ ನನ್ನ ಹೆಸರು ಬಂತು, ಹುಟ್ಟು ಹೆಸರು. ಮುಂದಿನ ಸಲಕ್ಕೆ ನನ್ನ ವಯಸ್ಸು ಮೀರುತ್ತಿತ್ತು. ಹಾಗಾಗಿ ಇದು ಕೈಬಿಟ್ಟರೆ ಮಾಸ್ತರಿಕೆ ನನ್ನ ಪಾಲಿಗೆ ಮುಗಿದಂತೆಯೇ.

ದಾಖಲೆ ನೋಡಲು ರಾಯಚೂರಿಗೆ ಕರೆದರು. ಮೇಜಿನ ಹಿಂದಿದ್ದ ಅಧಿಕಾರಿ ಅಂಕಪಟ್ಟಿಯನ್ನೂ ಆಧಾರನ್ನೂ ಅಕ್ಕಪಕ್ಕ ಇಟ್ಟು ನಕ್ಕರು.

"ಪಾಸಾದಾಕಿ ಒಬ್ಬಾಕಿ, ಆಧಾರ್ ಇನ್ನೊಬ್ಬಾಕಿದು. ನೌಕರಿ ಯಾರಿಗೆ ಕೊಡೂಣ್ರೀ ಮೇಡಂ?"

"ನನಗ ಕೊಡ್ರಿ. ಇಬ್ರೂ ನಾನ."

"ಅದನ್ನ ನೀವು ಹೇಳಿದ್ರ ನಡಿಯಂಗಿಲ್ರಿ. ಆಧಾರ್ ಹೇಳಬೇಕು."

ಕಾಲಾವಕಾಶ ಕೇಳಿ ಅಲ್ಲೇ ಅರ್ಜಿ ಬರೆದೆ. ಅಧಿಕಾರಿ ಊಟಕ್ಕೆ ಎದ್ದರು. ನಾನು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೇ ಇದ್ದೆ. ಊಟ ಮುಗಿಸಿ ಬಂದವರು ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ಹಟಮಾರಿ ಎಂದುಕೊಂಡಿರಬೇಕು. ಅಂದುಕೊಳ್ಳಲಿ.

ಮನೆಗೆ ಬಂದು ಹೇಳಿದಾಗ ಗಂಡ ಸುಲಭದ ದಾರಿ ತೋರಿಸಿದರು: "ಅಂಕಪಟ್ಟಿದಾಗಿನ ಹೆಸರ ಬದಲಿ ಮಾಡಿಸಿಬಿಟ್ರ?" ನನಗೆ ಮೈ ಉರಿಯಿತು. ಚಿಮಣಿ ದೀಪ ಹಚ್ಚಿಕೊಂಡು ಓದಿದವಳು, ಕಾಲೇಜಿಗೆ ಹೋಗಲು ಲೂನಾ ಓಡಿಸಿ ಲೈಸೆನ್ಸ್ ಪಡೆದವಳು, ಎರಡು ಸಲ ಸೋತು ಮೂರನೆಯ ಸಲ ಗೆದ್ದವಳು ಆ ಹೆಸರಿನವಳು. ಅಕ್ಕಿಯ ಮೇಲೆ ಹುಟ್ಟಿದವಳು ಒಂದು ಪರೀಕ್ಷೆಯನ್ನೂ ಬರೆದಿಲ್ಲ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. "ನನ್ನದೇನೂ ಇಲ್ಲಪ್ಪ, ಅವ್ವನ್ನ ಕೇಳು," ಎಂದು ಅವರು ಅಂಗಿ ತೊಟ್ಟು ಹೊರಗೆ ಹೋದರು. ನಮ್ಮ ಮನೆಯಲ್ಲಿ ಎಲ್ಲ ದಾರಿಯೂ ಕೊನೆಗೆ ಅವ್ವನ ಹತ್ತಿರವೇ ಹೋಗುತ್ತದೆ.

ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು. ಆಧಾರಿನಲ್ಲಿ ಹುಟ್ಟು ಹೆಸರು ಹಾಕಿಸುತ್ತೇನೆ ಎಂದೆ. ಅವರು ಕೈ ನಿಲ್ಲಿಸಲಿಲ್ಲ.

"ಒಂದ ಮನ್ಯಾಗ ಒಂದ ಹೆಸರಿನವರು ಇಬ್ರು ಇರಬಾರದು. ನಾಳೆ ನಾ ಸತ್ತರ, ಕಾಗದದಾಗ ನೋಡಿದವರು ನೀ ಸತ್ತಿ ಅಂತ ತಿಳೀತಾರ."

"ತಿಳೀಲಿ ಬಿಡ್ರಿ. ಬಂದವರಿಗೆ ನಾನ ಚಹಾ ಕೊಡ್ತೀನಿ."

ನಗಲಿಲ್ಲ. "ಅಕ್ಕಿ ಮ್ಯಾಲೆ ಬರದದ್ದನ್ನ ಅಳಸ್ತೀ ಏನು?"

"ಅದು ಅವತ್ತ ಅಳಿಸಿತ್ರಿ ಅತ್ತಿಯವರ. ಮರುದಿನ ಅದ ಅಕ್ಕಿದು ಪಾಯಸ ಮಾಡಿದ್ರಿ ನೀವು."

ಅವರು ಬತ್ತಿಗಳನ್ನು ಡಬ್ಬಿಗೆ ತುಂಬಿ ಎದ್ದು ಹೋದರು. ಆಮೇಲೆ ನಾಲ್ಕಾರು ದಿನ ನಮ್ಮಿಬ್ಬರ ನಡುವೆ ಮಕ್ಕಳ ಮೂಲಕವೇ ಮಾತು. ನಿಮ್ಮಮ್ಮನಿಗೆ ಹೇಳು ಹಾಲು ಉಕ್ಕಲಿಕತ್ತದ ಅಂತ, ಎಂಬಂಥವು.

ನಾನು ನಿಲ್ಲಲಿಲ್ಲ. ತವರಿಗೆ ಹೋಗಿ ಮಾನ್ವಿಯ ನನ್ನ ಹಳೆಯ ಶಾಲೆಯಿಂದ ಒಂದು ಪ್ರಮಾಣಪತ್ರ ತಂದೆ. ಅಂಕಪಟ್ಟಿ, ಲೂನಾ ಕಾಲದ ಲೈಸೆನ್ಸ್ ಎಲ್ಲ ಸೇರಿಸಿ ದೇವದುರ್ಗದ ತಾಲೂಕು ಕಚೇರಿಯಲ್ಲಿದ್ದ ಆಧಾರ್ ಕೌಂಟರಿನಲ್ಲಿ ಕೊಟ್ಟೆ. ಬೆರಳೊತ್ತಿ, ಚೀಟಿ ಪಡೆದು ಕಾದೆ. ಒಂದು ಮಧ್ಯಾಹ್ನ ಮೊಬೈಲಿಗೆ ಸಂದೇಶ ಬಂತು: ಕೋರಿಕೆ ತಿರಸ್ಕರಿಸಲಾಗಿದೆ. ಪಡಸಾಲೆಯಲ್ಲೇ ಗೋಡೆಗೊರಗಿ ಕೂತು ಅತ್ತುಬಿಟ್ಟೆ. ಅಳುವುದು ನನಗೆ ಬರುವುದಿಲ್ಲ. ಬಂದಾಗ ಸದ್ದು ಜೋರು.

ಅತ್ತೆ ಒಳಗಿನಿಂದ ಬಂದರು. "ಏನಂತ?"

"ಬ್ಯಾಡಂದಾರ."

"ಹಿಂಗಾದ್ರ?"

"ನೌಕರಿ ಇಲ್ಲ. ಮತ್ತ ಬರಿಯಾಕ ವಯಸ್ಸಿಲ್ಲ."

ಆಗ ಅವರಿಗೆ ಬಂದ ಸಿಟ್ಟನ್ನು ನಾನು ಅದುವರೆಗೆ ನೋಡಿರಲಿಲ್ಲ. ಅದು ನನ್ನ ಮೇಲಿನ ಸಿಟ್ಟಲ್ಲ.

"ಬ್ಯಾಡ ಅನ್ಲಿಕ್ಕೆ ಅವರ್ಯಾರು? ಮೂರು ವರ್ಷ ನಿನ್ನ ಮಕ್ಕಳಿಗೆ ಉಣಿಸಿ, ಮಲಗಿಸಿ, ಅಮ್ಮ ಓದ್ಲಿಕತ್ತಾಳ ಗದ್ದಲ ಮಾಡಬ್ಯಾಡ್ರಿ ಅಂತ ಗದರಿಸಿದಾಕಿ ನಾನು. ಅದೆಲ್ಲಾ ನೀರಾಗ ಹೋಗಲೇನು? ಏನು ಬೇಕಂತ ಅವರಿಗೆ?"

ಏನು ಬೇಕೆಂಬುದು ರಾಯಚೂರಿನ ಆಧಾರ್ ಕೇಂದ್ರಕ್ಕೆ ಹೋದಾಗ ತಿಳಿಯಿತು. ಅಕ್ಷರ ತಿದ್ದುವುದು ಬೇರೆ, ಪೂರ್ತಿ ಹೆಸರನ್ನೇ ಬದಲಿಸುವುದು ಬೇರೆ. ಅದಕ್ಕೆ ಎರಡೂ ಹೆಸರಿನವಳು ಒಬ್ಬಳೇ ಎಂದು ವಕೀಲರ ಮುಂದೆ ಪ್ರಮಾಣ ಮಾಡಬೇಕು, ಪತ್ರಿಕೆಯಲ್ಲಿ ಹಾಕಿಸಬೇಕು, ಗೆಜೆಟ್ಟಿನಲ್ಲಿ ಬರಬೇಕು. ನಮಗೆ ಸಿಕ್ಕ ವಕೀಲರು ಗಂಡನ ಮನೆಯ ಹಿರಿಯರೊಬ್ಬರ ಸಹಿಯೂ ಇರಲಿ ಎಂದರು. ಅತ್ತೆಯನ್ನು ಕೇಳುವ ಕೆಲಸವೇ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು ಬಸ್‌ಸ್ಟ್ಯಾಂಡಿಗೆ ನನಗಿಂತ ಮುಂದೆ ನಡೆದರು.

ಕೋರ್ಟಿನ ಹತ್ತಿರ ಬೇವಿನ ಮರದಡಿ ವಕೀಲರ ಮೇಜು. ಬೆರಳಚ್ಚು ಮಾಡಿದ ಹಾಳೆಯನ್ನು ಓದುತ್ತಾ ಬಂದವರು ತಟ್ಟನೆ ನಿಂತು, ಪೆನ್ನು ತೆಗೆದು ಒಂದು ಸಾಲಿಗೆ ಗೀಟು ಹಾಕಲು ಹೋದರು.

"ಟೈಪ್ ಮಾಡಾಂವ ತಪ್ಪು ಮಾಡ್ಯಾನ್ರಿ. ಸೊಸಿ ಹೆಸರಿನ ಜಾಗದಾಗ ಅಮ್ಮಾರ ಹೆಸರು ಹಾಕ್ಯಾನ."

ನಾನು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅತ್ತೆ ಹಾಳೆಯ ಮೇಲೆ ಅಂಗೈ ಇಟ್ಟರು.

"ತಪ್ಪಲ್ಲ. ಅಕಿದೂ ಅದ ಹೆಸರು. ನಾವ ಬದಲಿ ಮಾಡಿದ್ವಿ. ಹಂಗ ಇರಲಿ, ಗೀಟು ಹೊಡೀಬ್ಯಾಡ್ರಿ."

ಆಮೇಲೆ ಒಂದೊಂದೇ ಅಕ್ಷರವನ್ನು ಬಿಡಿಸಿ, ನಿಧಾನವಾಗಿ ಸಹಿ ಮಾಡಿದರು. ನನ್ನ ಸಹಿಯ ಕೆಳಗೆ ಅವರ ಸಹಿ. ಓದಿದರೆ ಒಬ್ಬಳೇ ಎರಡು ಸಲ ಸಹಿ ಮಾಡಿದಂತೆ ಕಾಣುತ್ತಿತ್ತು. ಅಲ್ಲಿಂದ ಎದ್ದು ಇಬ್ಬರೂ ಅಂಗಡಿಯಲ್ಲಿ ಮಿರ್ಚಿ ಭಜಿ ತಿಂದೆವು. ಹೊರಗಿನದನ್ನು ಅವರು ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಯಾರಿಗೂ ಹೇಳಬೇಡ ಎಂದಿದ್ದರು, ಈಗ ಹೇಳುತ್ತಿದ್ದೇನೆ.

ಗೆಜೆಟ್ಟು ಬರುವವರೆಗೆ ನಾನು ಮತ್ತೊಮ್ಮೆ ಅಧಿಕಾರಿಯ ಬಾಗಿಲ ಪಕ್ಕದ ಆ ಬೆಂಚಿನಲ್ಲಿ ಕೂತು ಕಾಲಾವಕಾಶ ವಿಸ್ತರಿಸಿಕೊಂಡೆ. ಗೆಜೆಟ್ಟು ಬಂದ ಕೂಡಲೇ ರಾಯಚೂರಿನ ಆಧಾರ್ ಕೇಂದ್ರಕ್ಕೆ ಓಡಿದೆ. ಕಂಪ್ಯೂಟರಿನ ಮುಂದಿದ್ದ ಹುಡುಗಿ ನನ್ನ ಮುಖ ನೋಡಿ ಎಚ್ಚರಿಸಿದಳು.

"ಅಕ್ಕಾರ, ಹೆಸರು ಪದೇ ಪದೇ ಬದಲಿ ಮಾಡಾಕ ಬರಂಗಿಲ್ರಿ. ಖಾತ್ರಿ ಮಾಡ್ಕೊಂಡು ಹೇಳ್ರಿ. ಇದ ಹಾಕ್ಲೇನು?"

"ಹಾಕವ್ವಾ. ಖಾತ್ರಿ ಅದ."

ಈ ಸಲದ ಸಂದೇಶದಲ್ಲಿ ತಿರಸ್ಕಾರ ಇರಲಿಲ್ಲ. ಅಂಗಡಿಯೊಂದರಲ್ಲಿ ಆಧಾರ್ ಪ್ರಿಂಟ್ ತೆಗೆಸಿ, ಮಸಿ ಆರುವ ಮೊದಲೇ ಅಧಿಕಾರಿಯ ಮೇಜಿನ ಮೇಲಿಟ್ಟೆ. ಅವರು ಅದನ್ನೂ ಅಂಕಪಟ್ಟಿಯನ್ನೂ ಹೋಲಿಸಿ, ಒಂದು ಗುರುತು ಹಾಕಿ, ಮುಂದಿನವರನ್ನು ಕರೆದರು. ನಾಲ್ಕು ತಿಂಗಳ ಓಡಾಟಕ್ಕೆ ಅಷ್ಟೇ ಉತ್ತರ. ಮೆಟ್ಟಿಲಿಳಿದು ಕೆಳಗೆ ನಿಂತು ಗಂಡನಿಗೆ ಫೋನ್ ಮಾಡಿ, "ಅವ್ವಗ ಕೊಡ್ರಿ," ಎಂದೆ.

ಕೆಲವು ದಿನಗಳ ಮೇಲೆ ಅಂಚೆಯಲ್ಲಿ ಕಾರ್ಡು ಬಂತು. ನಾನು ಅಡಿಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಅಂಚೆಯವನು ಬಾಗಿಲಲ್ಲಿ ನಿಂತು ಹೆಸರು ಕೂಗಿದ. ಆ ಮನೆಯಲ್ಲಿ ಆ ಹೆಸರು ಯಾರದ್ದೋ ಅವರೇ, ಅತ್ತೆಯೇ, ಎದ್ದು ಹೋದರು. ಲಕೋಟೆ ಹರಿದ ಸದ್ದು ಕೇಳಿಸಿತು. ಕಾರ್ಡಿನ ಫೋಟೊದಲ್ಲಿದ್ದ ಆ ಹಸಿ ಕೂದಲಿನ ಹುಡುಗಿಯನ್ನು ನೋಡುತ್ತಿದ್ದರೆಂದು ಕಾಣುತ್ತದೆ.

ನಂತರ ಪಡಸಾಲೆಯಿಂದ ಕರೆದರು. ಆ ಹೆಸರು ಹಿಡಿದು ಕರೆದರು.

ನಾನು ಓಗೊಡಲಿಲ್ಲ. ಹದಿನಾರು ವರ್ಷ ಆ ಮನೆಯಲ್ಲಿ ಆ ಕರೆಗೆ ನಾನು ಓಗೊಟ್ಟಿರಲಿಲ್ಲ. ಅದು ನನಗಲ್ಲ ಎಂದೇ ಅಭ್ಯಾಸ. ಹಿಟ್ಟಿನ ಕೈ ಹಾಗೇ ನಿಂತಿತು. ಅವರು ಇನ್ನೊಮ್ಮೆ, ಓಣಿಗೆಲ್ಲ ಕೇಳುವಂತೆ, ಅದೇ ಹೆಸರು ಕೂಗಿದರು.

"ಕಿವಿ ಕೇಳಸಂಗಿಲ್ಲೇನು? ನಿನಗ ಕರೀಲಿಕತ್ತೀನಿ. ನನ್ನನ್ನ ನಾನ ಕರಕೊಳ್ಳಿಕ್ಕೆ ಹುಚ್ಚು ಹಿಡದದ ಏನು ನನಗ?"

"ಬಂದೆ ರೀ," ಎಂದೆ. ರೊಟ್ಟಿ ಹಂಚಿನ ಮೇಲೆಯೇ ಹೊತ್ತಿತು.